ಮೊದಲು ರಕ್ತ, ಆಮೇಲೆ ಔಷಧಿ

ಬದಿಯಡ್ಕದ ಕಡೆ ಫಿಸಿಷಿಯನ್ ಆಗಿ ಕೆಲಸಕ್ಕೆ ಸೇರಿದ ಹೊಸತು. ಅಡಿಕೆ ಕೊಯ್ಯುವ ಕೆಲಸದವರೊಬ್ಬರು ಮೂರು ವಾರದ ಜ್ವರದೊಂದಿಗೆ ಬಂದರು. ಮಳೆಗಾಲವಾದ್ದರಿಂದ ಇಲಿಜ್ವರವೆಂದು ಊಹಿಸಿ ಆಂಟಿಬಯೋಟಿಕ್ ಆರಂಭಿಸಿಬಿಟ್ಟೆ. ಮರುದಿನ ಎದೆಗೆ ಸ್ಟೆತಸ್ಕೋಪ್ ಇಟ್ಟು ಸಾವಧಾನವಾಗಿ ಆಲಿಸಿದಾಗ ಮರ್ಮರ, ಅಂದರೆ ಕವಾಟದ ತೊಂದರೆಯಿಂದ ಹೃದಯಬಡಿತದ ನಡುವೆ ಬರುವ ಸದ್ದು, ಕೇಳಿಸಿತು. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದರೆ ಹೃದಯದ ಎಡಭಾಗದ ಮೈಟ್ರಲ್ ಕವಾಟಕ್ಕೆ ಅಂಟಿದ ಸೋಂಕಿನ ಮುದ್ದೆ ಅಲುಗಾಡುತ್ತಿತ್ತು. ಎಂಡೋಕಾರ್ಡೈಟಿಸ್, ಅಂದರೆ ಹೃದಯದ ಕವಾಟಗಳಿಗೆ ತಗಲುವ ಸೋಂಕು. ಬಾಲ್ಯದಲ್ಲಿ ಕೀಲುನೋವಿನ ಜ್ವರ (ಕವಾಟಗಳನ್ನು ಹಾಳುಮಾಡಬಲ್ಲ ರುಮಾಟಿಕ್ ಜ್ವರ) ಬಂದಿತ್ತೆಂದು ಅವರ ತಾಯಿ ಆಗ ನೆನಪಿಸಿಕೊಂಡರು.

ಆಮೇಲೆ ಕಳಿಸಿದ ರಕ್ತದ ಕಲ್ಚರ್‌ನಲ್ಲಿ (ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಏನೂ ಬೆಳೆಯಲಿಲ್ಲ. ನಾನು ಕೊಟ್ಟ ಔಷಧಿಯೇ ರೋಗಾಣುವಿನ ಗುರುತು ಅಳಿಸಿತ್ತು. ಯಾವುದರ ಮೇಲೆ ಯುದ್ಧವೆಂದು ತಿಳಿಯದೆ ಎರಡು ಮೂರು ಔಷಧಿಗಳನ್ನು ಒಟ್ಟಿಗೆ ಕೊಡಬೇಕಾಯಿತು. ಆ ತಪ್ಪು ಇಂದಿಗೂ ನನ್ನನ್ನು ಕಾಡುತ್ತದೆ.

ಈಗ ಮರ್ಮರವಿರುವವರಿಗೆ, ಕೃತಕ ಕವಾಟವಿರುವವರಿಗೆ ಕಾರಣ ತಿಳಿಯದ ಜ್ವರ ಬಂದರೆ ಬೇರೆ ಬೇರೆ ಕಡೆ ಚುಚ್ಚಿ ಮೂರು ಬಾರಿ ರಕ್ತ ತೆಗೆಸುತ್ತೇನೆ. ಮೊದಲನೆಯದಕ್ಕೂ ಕೊನೆಯದಕ್ಕೂ ಒಂದು ಗಂಟೆಯಾದರೂ ಅಂತರವಿರಬೇಕು. ಮೈ ಬಿಸಿಯೇರಲೆಂದು ಕಾಯುವುದಿಲ್ಲ. ಈ ಕಾಯಿಲೆಯಲ್ಲಿ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಸದಾ ರಕ್ತದಲ್ಲಿ ಹರಿಯುತ್ತಲೇ ಇರುತ್ತದೆ.

ಚಿಕಿತ್ಸೆ ದೊರೆತರೂ ಸುಮಾರು ಐವರಲ್ಲಿ ಒಬ್ಬರು ಆಸ್ಪತ್ರೆಯಲ್ಲೇ ತೀರಿಕೊಳ್ಳುವ ಕಾಯಿಲೆ ಇದು. ಹತ್ತನೆಯ ದಿನಕ್ಕೆ ಜ್ವರ ಇಳಿದಾಗ, "ಇನ್ನು ಮನೆಗೆ ಹೋಗಬಹುದಲ್ಲ ಡಾಕ್ಟರೇ?" ಎಂದು ಮನೆಯವರು ಕೇಳುತ್ತಾರೆ. ಮುದ್ದೆಯೊಳಗೆ ರಕ್ತನಾಳವಿಲ್ಲ, ದೇಹದ ಕಾವಲು ಕಣಗಳು ಅಲ್ಲಿಗೆ ನುಗ್ಗಲಾರವು, ಆದ್ದರಿಂದಲೇ 4ರಿಂದ 6 ವಾರ ಔಷಧಿ ಎಂದು ಚಿತ್ರ ಬರೆದು ತೋರಿಸುತ್ತೇನೆ. ಆ ವಾರಗಳಲ್ಲಿ ನಾನು ನಿತ್ಯ ನೋಡುವುದು ತೂಕ, ಉಸಿರು, ಕೈಕಾಲುಗಳ ಬಲ. ಸೋಂಕು ತಗಲಿದ್ದು ಮಹಾಪಧಮನಿಯ ಕವಾಟಕ್ಕಾದರೆ ಇಸಿಜಿ ಕೂಡ. ಪಿಆರ್ ಅಂತರ, ಅಂದರೆ ಮಿಡಿತದ ಸಂಕೇತ ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನವಕ್ಕೆ ತಲುಪುವ ಸಮಯ, ಹಿಗ್ಗಿದರೆ ಕೀವು ಹೃದಯದ ವಿದ್ಯುತ್ ಹಾದಿಯನ್ನು ಮುಟ್ಟಿದೆಯೇ ಎಂದು ಶಂಕಿಸಬೇಕು.

ಆ ಅಡಿಕೆ ಕೆಲಸದವರ ತೂಕ ಎರಡನೆಯ ವಾರ ಒಮ್ಮೆಲೇ ಏರಿತು, ಮಲಗಿದರೆ ಏದುಸಿರು. ಔಷಧಿ ಮುಗಿಯಲಿ, ಆಮೇಲೆ ಶಸ್ತ್ರಚಿಕಿತ್ಸೆ ಎಂಬುದು ಇಂಥ ಹೊತ್ತಿನಲ್ಲಿ ಜೀವ ತೆಗೆಯುವ ಮಾತು. ಹೃದಯ ಸೋಲುತ್ತಿದ್ದರೆ ಕಾಯುವಂತಿಲ್ಲ. ಅದೇ ರಾತ್ರಿ ತಲಪಾಡಿ ದಾಟಿಸಿ ಮಂಗಳೂರಿಗೆ ಕಳಿಸಿದೆವು. ಕವಾಟ ಬದಲಾಯಿಸಿದರು, ಬದುಕಿದರು.

ಕಳೆದ ತಿಂಗಳು ಅವರ ಫೋನ್ ಬಂತು. ಹಲ್ಲು ಕೀಳಿಸಬೇಕಂತೆ. ಆಗ ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಹೊಸ ಕವಾಟಕ್ಕೆ ಅಂಟಬಹುದು, ಅದಕ್ಕೇ ಮುಂಚೆ ಆಂಟಿಬಯೋಟಿಕ್ ಬೇಕು. "ಒಂದು ಗಂಟೆ ಮುಂಚೆ ಅಮಾಕ್ಸಿಸಿಲಿನ್ 2 ಗ್ರಾಂ, ಅಲ್ಲವೇ?" ಎಂದರು. ನಾನು ಹೇಳುವುದಕ್ಕೆ ಮೊದಲೇ.