ಕಿಟಕಿಯಾಚೆ ಹಕ್ಕಿ, ಕೈಯಲ್ಲಿ ಪುಸ್ತಕ

ಮೊದಲೆಲ್ಲ ಓದುತ್ತಿದ್ದೆ, ಈಗ ಆಗ್ತಾ ಇಲ್ಲ ಅನ್ನುವವರು ತುಂಬಾ ಜನ. ಪುಸ್ತಕ ತೆರೆದು ಎರಡು ಪುಟ ಮುಗಿಯುವಷ್ಟರಲ್ಲಿ ಕೈ ಫೋನಿನ ಕಡೆ ಹೋಗಿರುತ್ತದೆ. ಇಂಥವರಿಗೆ ದಪ್ಪ ಕಾದಂಬರಿ ಕೊಟ್ಟು ಕೂರಿಸಿ ಪ್ರಯೋಜನವಿಲ್ಲ. ಅದರ ಬದಲು ಮನೆ ಸುತ್ತಲಿನ ಹಕ್ಕಿಗಳನ್ನು ನೋಡಲು ಶುರುಮಾಡಿ. ನೋಡಿದ ಹಕ್ಕಿ ಏನೋ ಒಂದು ಪ್ರಶ್ನೆ ಹುಟ್ಟಿಸುತ್ತದೆ. ಅದಕ್ಕೆ ಉತ್ತರ ಹುಡುಕುತ್ತಾ ನಾಲ್ಕು ಪುಟ ಓದಿರುತ್ತೀರಿ, ಅದೂ ಯಾರ ಒತ್ತಾಯವೂ ಇಲ್ಲದೆ.

ಮೊದಲು ಜಾಗ ಗೊತ್ತು ಮಾಡಿಕೊಳ್ಳಿ. ಒಂದು ಮರವೋ ಪೊದೆಯೋ ಕಾಣುವ ಕಿಟಕಿ ಸಾಕು, ಬಾಲ್ಕನಿ ಇದ್ದರೆ ಇನ್ನೂ ಒಳ್ಳೆಯದು. ಸೂರ್ಯ ನಿಮ್ಮ ಬೆನ್ನ ಹಿಂದೆ ಇರಲಿ. ಬೆಳಕಿಗೆ ಎದುರಾಗಿ ನೋಡಿದರೆ ಎಲ್ಲ ಹಕ್ಕಿಯೂ ಕಪ್ಪಗೇ ಕಾಣುತ್ತದೆ. ಬೆಳಗಾದ ಮೇಲಿನ ಒಂದೆರಡು ಗಂಟೆ ಹಕ್ಕಿಗಳ ಓಡಾಟ ಜಾಸ್ತಿ. ಬಿಸಿಲೇರಿದ ಮೇಲೆ ಸುಮ್ಮನಾಗುತ್ತವೆ, ಸಂಜೆ ಮತ್ತೆ ಗಲಾಟೆ. ದಿನಾ ಅದೇ ಜಾಗ, ಅದೇ ಹೊತ್ತು, ಹದಿನೈದು ನಿಮಿಷ. ಬೇಜಾರು ಅನ್ನಿಸಬಹುದು. ಆದರೆ ಒಂದೇ ಮರವನ್ನು ದಿನಾ ನೋಡುವವರಿಗೆ ಮಾತ್ರ ಇವತ್ತು ಹೊಸಬರು ಯಾರೋ ಬಂದಿದ್ದಾರೆ ಎಂದು ಗೊತ್ತಾಗುವುದು. ಫೋನ್ ಬೇರೆ ಕೋಣೆಯಲ್ಲಿರಲಿ. ಫೋಟೊ ತೆಗೆಯುವ ಆಸೆಯನ್ನೂ ಸದ್ಯಕ್ಕೆ ಬದಿಗಿಡಿ.

ಇನ್ನು ನೋಡುವ ಕ್ರಮ. ಹೊಸಬರೆಲ್ಲ ಮೊದಲು ಬಣ್ಣಕ್ಕೆ ಮರುಳಾಗುತ್ತಾರೆ. ಬಣ್ಣ ಬೆಳಕಿನ ಜೊತೆ ಬದಲಾಗುತ್ತದೆ, ನಂಬುವ ಹಾಗಿಲ್ಲ. ಮೊದಲು ಗಾತ್ರ ನೋಡಿ. ಗುಬ್ಬಚ್ಚಿ, ಮೈನಾ, ಕಾಗೆ, ಈ ಮೂರನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ಕಂಡ ಹಕ್ಕಿ ಇವುಗಳಿಗಿಂತ ಚಿಕ್ಕದೋ ದೊಡ್ಡದೋ? ಆಮೇಲೆ ಕೊಕ್ಕು. ಗುಬ್ಬಚ್ಚಿಯ ಕೊಕ್ಕು ಗಿಡ್ಡ, ದಪ್ಪ, ಕಾಳು ಒಡೆಯಲು ಬೇಕಾದ ಹಾಗೆ. ಸೂರಕ್ಕಿಯದು ಸಣ್ಣಗೆ ಬಾಗಿದೆ, ಹೂವಿನೊಳಗೆ ಇಳಿಸಲು. ಆಮೇಲೆ ಬಾಲ. ಕಾಜಾಣದ ಬಾಲ ಸೀಳಿಕೊಂಡಿರುತ್ತದೆ. ತಲೆ ಮೇಲೆ ಸುತ್ತುವ ಹದ್ದಿನ ಬಾಲದ ತುದಿ ನಡುವೆ ಒಳಕ್ಕೆ ತಗ್ಗಿದ್ದರೆ ಅದು ಸಾಮಾನ್ಯ ಹದ್ದು. ಬಾಲ ಗುಂಡಗಿದ್ದು, ತಲೆ ಎದೆ ಬೆಳ್ಳಗಿದ್ದರೆ ಗರುಡ. ಕೊನೆಗೆ ನಡವಳಿಕೆ: ನೆಲದ ಮೇಲೆ ಕುಪ್ಪಳಿಸುತ್ತದೋ ನಡೆಯುತ್ತದೋ, ಒಂಟಿಯೋ ಗುಂಪೋ, ಬಾಲ ಕುಣಿಸುತ್ತದೋ.

ಹಕ್ಕಿ ಎದುರಿಗಿರುವಾಗ ಪುಸ್ತಕ ತೆರೆಯಬೇಡಿ. ನೀವು ಪುಟ ಹುಡುಕುವಷ್ಟರಲ್ಲಿ ಅದು ಹಾರಿಹೋಗಿರುತ್ತದೆ. ಅದು ಇರುವವರೆಗೂ ನೋಡಿ, ಹೋದ ತಕ್ಷಣ ಬರೆಯಿರಿ. 'ಗುಬ್ಬಚ್ಚಿಗಿಂತ ದೊಡ್ಡದು, ಮೈನಾಕ್ಕಿಂತ ತುಸು ಚಿಕ್ಕದು, ತಲೆ ಕಪ್ಪು, ಬಾಲದ ಬುಡದ ಕೆಳಗೆ ಕೆಂಪು.' ಇಷ್ಟು ಬರೆದರೆ ಪಿಕಳಾರ ಸಿಕ್ಕಿಬಿಟ್ಟಿತು. ಹೆಸರು ಗೊತ್ತಾಗದಿದ್ದರೂ ಪರವಾಗಿಲ್ಲ, ಟಿಪ್ಪಣಿ ಇದ್ದರೆ ಸಾಕು. ಗೊತ್ತಿರುವ ಹಕ್ಕಿಯನ್ನೂ ಬಿಡಬೇಡಿ. ಕಾಗೆ ಅಂದರೆ ಕಾಗೆ ಅಷ್ಟೇ ಅಲ್ವಾ ಅನ್ನುತ್ತೇವೆ. ಕುತ್ತಿಗೆ ಬೂದಿ ಬಣ್ಣ ಇದ್ದರೆ ಊರುಕಾಗೆ, ಪೂರ್ತಿ ಕಪ್ಪಗಿದ್ದು ಕೊಕ್ಕು ದಪ್ಪಗಿದ್ದರೆ ಕಾಡುಕಾಗೆ. ಇಷ್ಟು ವರ್ಷ ಎರಡನ್ನೂ ಒಂದೇ ಅಂದುಕೊಂಡಿದ್ದವರು ಬೇಕಾದಷ್ಟು ಜನ.

ಈಗ ಪುಸ್ತಕ. ಹಕ್ಕಿ ಗುರುತಿಸುವ ಕೈಪಿಡಿಯನ್ನು ಕಥೆಯ ಹಾಗೆ ಮೊದಲಿನಿಂದ ಓದಲಾಗದು. ಆದರೆ ಶುರುವಿನ ಕೆಲವು ಪುಟಗಳನ್ನು ಮಾತ್ರ ಹಾರಿಸಬೇಡಿ. ನೆತ್ತಿ, ಹುಬ್ಬಿನ ಗೆರೆ, ರೆಕ್ಕೆಪಟ್ಟಿ, ಹೀಗೆ ಹಕ್ಕಿಯ ಮೈಭಾಗಗಳ ಹೆಸರು ಅಲ್ಲಿರುತ್ತದೆ. ಒಳಗಿನ ಹಕ್ಕಿಗಳು ಅಕ್ಷರದ ಕ್ರಮದಲ್ಲಿ ಇರುವುದಿಲ್ಲ, ಕುಟುಂಬದ ಪ್ರಕಾರ ಇರುತ್ತವೆ. ಚಿತ್ರ ಹೊಂದಿದರೆ ಪಕ್ಕದ ನಕ್ಷೆಯನ್ನೂ ನೋಡಿ. ಆ ಹಕ್ಕಿ ನೀವಿರುವ ಕಡೆ ಸಿಗುವುದೇ ಇಲ್ಲ ಎಂದಿದ್ದರೆ ಮತ್ತೆ ಹುಡುಕಬೇಕಾದೀತು. ಗಂಡು, ಹೆಣ್ಣು, ಮರಿ ಮೂರರ ಚಿತ್ರವನ್ನೂ ಗಮನಿಸಿ. ಗಂಡು ಕೋಗಿಲೆ ಕಪ್ಪು, ಹೆಣ್ಣು ಕಂದು ಮೈಮೇಲೆ ಬಿಳಿ ಚುಕ್ಕೆ. ಗೊತ್ತಿಲ್ಲದವರು ಎರಡು ಬೇರೆ ಹಕ್ಕಿ ಎಂದೇ ಬರೆದಿಡುತ್ತಾರೆ.

ಅಲ್ಲಿಂದ ಓದು ತಾನಾಗಿ ಹಿಗ್ಗುತ್ತದೆ. ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುತ್ತದೆ ಎಂದು ಕೇಳಿರುತ್ತೀರಿ. ಕಾಗೆಗೆ ಯಾಕೆ ಗೊತ್ತಾಗುವುದಿಲ್ಲ? ಟುವ್ವಿ ಹಕ್ಕಿ ಜೇಡರ ಬಲೆ, ಗಿಡದ ನಾರು ತಂದು ಎಲೆ ಹೊಲಿದು ಗೂಡು ಕಟ್ಟುತ್ತದೆ. ಅದಕ್ಕೆ ಯಾರು ಕಲಿಸಿದರು? ಇಂಥ ಒಂದು ಪ್ರಶ್ನೆ ಇಟ್ಟುಕೊಂಡು ಅಂದಿನ ರಾತ್ರಿಯೇ ಹತ್ತು ಪುಟ ಓದಿ. ಇಂಗ್ಲೆಂಡಿನ ಗಿಲ್ಬರ್ಟ್ ವೈಟ್ ಎಂಬ ಪಾದ್ರಿ ತನ್ನ ಹಳ್ಳಿ ಸೆಲ್ಬೋರ್ನ್‌ನ ಸುತ್ತಮುತ್ತ ಕಂಡದ್ದನ್ನೇ ಗೆಳೆಯರಿಗೆ ಪತ್ರ ಬರೆಯುತ್ತಿದ್ದ. ನೋಡಲು ಒಂದೇ ಥರ ಇದ್ದ ಚಿಕ್ಕ ಹಕ್ಕಿಗಳು ಮೂರು ಬೇರೆ ಬೇರೆ ಜಾತಿ ಎಂದು ಹಾಡು ಕೇಳಿ ಗುರುತಿಸಿದ. ಪತ್ರಗಳು 1789ರಲ್ಲಿ ಪುಸ್ತಕವಾದವು. ಓದು ಬಿಟ್ಟುಹೋದವರಿಗೆ ಇಂಥ ಬರಹ ಸರಿಹೋಗುತ್ತದೆ. ದಿನಕ್ಕೊಂದು ಪತ್ರ, ಮುಗಿಯಿತು. ಹಿಡಿಸದ ಪುಸ್ತಕವನ್ನು ಅರ್ಧಕ್ಕೇ ಬಿಡಿ, ಯಾರೂ ಕೇಳುವುದಿಲ್ಲ. ಹಿಂದೆ ಓದಿ ಇಷ್ಟವಾಗಿದ್ದನ್ನು ಮತ್ತೆ ಓದುವುದೂ ಓದೇ. ಹಕ್ಕಿಯ ವಿಷಯವೇ ಆಗಬೇಕೆಂದೂ ಇಲ್ಲ. ಕೂರುವ ಅಭ್ಯಾಸ ಬಂದ ಮೇಲೆ ಕಥೆ, ಪ್ರಬಂಧ, ಏನಾದರೂ ಆದೀತು. ಪುಸ್ತಕ ಮಾತ್ರ ಅದೇ ಕುರ್ಚಿಯ ಪಕ್ಕ, ಕೈಗೆ ಸಿಗುವಲ್ಲಿ ಇರಲಿ.

ಕೂಗು ಕೇಳಿ ಹೆಸರು ಹೇಳುವ ಮರ್ಲಿನ್‌ನಂಥ ಆ್ಯಪ್‌ಗಳಿವೆ. ಉಪಯೋಗಿಸಿ, ಆದರೆ ನೀವು ಒಂದು ಊಹೆ ಮಾಡಿದ ಮೇಲೆ. ಅದಕ್ಕೂ ತಪ್ಪಾಗುತ್ತದೆ. ಪಟ್ಟಿ ಮಾಡುವ ಹುಚ್ಚು ಹಿಡಿದರೆ 2002ರಿಂದ ಇರುವ ಇಬರ್ಡ್ ಎಂಬ ಜಾಲತಾಣದಲ್ಲಿ ಕಂಡ ಹಕ್ಕಿಗಳನ್ನು ದಾಖಲಿಸಬಹುದು. ಅಲ್ಲಿ ಕಾಗೆ, ಮೈನಾಗಳ ಲೆಕ್ಕಕ್ಕೂ ಬೆಲೆಯಿದೆ.

ಬೈನಾಕ್ಯುಲರ್ ಕೊನೆಗೆ ಕೊಳ್ಳಿ, ಹಕ್ಕಿ ನೋಡುವ ರೂಢಿ ಉಳಿಯಿತು ಎನ್ನಿಸಿದ ಮೇಲೆ. 8x42 ಎಂದು ಬರೆದಿದ್ದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಎಂದರ್ಥ. ಹೊಸಬರಿಗೆ ಅದು ಸಾಕು. ಹತ್ತು ಪಟ್ಟಿನದರಲ್ಲಿ ಕೈ ನಡುಕವೂ ಹೆಚ್ಚಾಗಿ ಕಾಣುತ್ತದೆ. ತಂದ ದಿನವೇ ಕಣ್ಣಿಗೆ ಹೊಂದಿಸಿಕೊಳ್ಳಿ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ದೂರದ ವಸ್ತು ಸ್ಪಷ್ಟವಾಗಿ ಕಾಣುವಂತೆ ಮಾಡಿ. ಆಮೇಲೆ ಎಡಗಣ್ಣು ಮುಚ್ಚಿ, ಸಾಮಾನ್ಯವಾಗಿ ಬಲಗಡೆ ಇರುವ ಉಂಗುರವನ್ನು ತಿರುಗಿಸಿ ಅದೇ ವಸ್ತುವನ್ನು ಸ್ಪಷ್ಟ ಮಾಡಿಕೊಳ್ಳಿ. ಮುಂದೆ ನಡುವಿನ ಚಕ್ರ ಒಂದೇ ಸಾಕು. ಕನ್ನಡಕ ಹಾಕುವವರು ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಒಳಕ್ಕೆ ಇಳಿಸಿಕೊಳ್ಳಬೇಕು. ಹಕ್ಕಿ ಕಂಡಾಗ ತಲೆ ಬಗ್ಗಿಸಿ ಬೈನಾಕ್ಯುಲರ್ ಹುಡುಕಬೇಡಿ. ಕಣ್ಣು ಹಕ್ಕಿಯ ಮೇಲೇ ಇರಲಿ, ಬೈನಾಕ್ಯುಲರ್ ಕಣ್ಣಿನ ಹತ್ತಿರ ಬರಲಿ.