ಕುರಿ ಮಂದೆ ಹಾಕಿಸಿದ ಮೇಲೆ ಹೊಲ ಮೆತ್ತಗಾಯಿತು

ಚಳ್ಳಕೆರೆ ಕಡೆಯ ನಮ್ಮ ಕೆಂಪು ಮಣ್ಣಿನ ಹೊಲ, ಮಳೆ ಬಂದು ಬಿಸಿಲು ಬಿದ್ದರೆ ಮೇಲೆಲ್ಲ ಹೆಕ್ಕಳೆ ಕಟ್ಟುತ್ತಿತ್ತು. ಶೇಂಗಾ ಮೊಳಕೆ ಮೇಲೇಳಲು ಒದ್ದಾಡುತ್ತಿತ್ತು. ಎತ್ತು ಮಾರಿದ ಮೇಲೆ ಹೊಲಕ್ಕೆ ಒಂದು ಬುಟ್ಟಿ ಸಗಣಿ ಗೊಬ್ಬರವೂ ಬಿದ್ದಿರಲಿಲ್ಲ. ಬರೀ ಯೂರಿಯಾ, ಡಿಎಪಿ.

ಬೇಸಿಗೆಯಲ್ಲಿ ಕುರಿಯವರನ್ನು ಕರೆದು ಮಂದೆ ಹಾಕಿಸಿದೆ, ಅಂದರೆ ಗೊಬ್ಬರಕ್ಕಾಗಿ ರಾತ್ರಿ ಕುರಿಗಳನ್ನು ಹೊಲದಲ್ಲೇ ತಂಗಿಸಿದೆ. "ಒಂದೇ ಕಡೆ ಬ್ಯಾಡಣ್ಣ, ದಿನಾ ಜಾಗ ಬದಲಾಯಿಸ್ತೀವಿ" ಅಂದರು. ಅದೇ ಮುಖ್ಯ, ಗೊಬ್ಬರ ಹೊಲಕ್ಕೆಲ್ಲ ಬೀಳಬೇಕಲ್ಲ. ಗಂಜಲದಲ್ಲಿರುವ ಸಾರಜನಕ ಬಿಸಿಲಿಗೆ ಬೇಗ ಗಾಳಿಗೆ ಹೋಗುತ್ತದೆ, ಅದಕ್ಕೇ ಮಂದೆ ಎದ್ದ ದಿನವೇ ಕುಂಟೆ ಹೊಡೆದು ಹಿಕ್ಕೆ ಮಣ್ಣಿಗೆ ಸೇರಿಸಿದೆ. ಹಸಿ ನೆಲದಲ್ಲಿ ಮಾತ್ರ ಮಂದೆ ಹಾಕಿಸಬೇಡಿ, ಗೊರಸು ತುಳಿದು ಮಣ್ಣು ಇನ್ನೂ ಗಟ್ಟಿಯಾಗುತ್ತದೆ.

ಎರಡು ಬೇಸಿಗೆ ಹೀಗೆ ಮಾಡಿದೆ. ಈ ಸಲ ಮಳೆ ನಿಂತ ಮೇಲೆ ಒಂದು ಹಿಡಿ ಮಣ್ಣು ಎತ್ತಿದೆ. ಕಾಳುಕಾಳಾಗಿ ಉದುರಿತು. ಒಳಗೊಂದು ಎರೆಹುಳು! ಅದನ್ನು ನಮ್ಮ ಹೊಲದಲ್ಲಿ ನೋಡಿ ಎಷ್ಟು ವರ್ಷ ಆಗಿತ್ತು.