ನಕ್ಷತ್ರ ಯಾವುದು, ಗ್ರಹ ಯಾವುದು? ಬರಿಗಣ್ಣಿನಲ್ಲೇ ಗುರುತಿಸಿ

ಎಂಟು ಗ್ರಹಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುವ ಮಕ್ಕಳು ಬೇಕಾದಷ್ಟಿದ್ದಾರೆ. ಅವರನ್ನೇ ರಾತ್ರಿ ಹೊರಗೆ ಕರೆದು ‘ಇಷ್ಟರಲ್ಲಿ ಗುರು ಗ್ರಹ ಯಾವುದು, ತೋರಿಸು’ ಎಂದರೆ ತಬ್ಬಿಬ್ಬಾಗುತ್ತಾರೆ. ಅದು ಸಹಜವೇ. ಬರಿಗಣ್ಣಿಗೆ ಗ್ರಹವೂ ಚುಕ್ಕೆ, ನಕ್ಷತ್ರವೂ ಚುಕ್ಕೆ. ಇವೆರಡನ್ನು ಬೇರೆ ಮಾಡಿ ನೋಡುವುದನ್ನು ಆಕಾಶದ ಕೆಳಗೆ ನಿಂತೇ ಕಲಿಯಬೇಕು. ಅದಕ್ಕೆ ಟೆಲಿಸ್ಕೋಪ್ ಬೇಕಿಲ್ಲ. ಒಂದು ನೋಟ್ ಪುಸ್ತಕ, ಪೆನ್ಸಿಲ್, ಒಂದೆರಡು ತಿಂಗಳ ತಾಳ್ಮೆ ಇದ್ದರೆ ಸಾಕು. ನನ್ನ ಮಟ್ಟಿಗೆ ಖಗೋಳ ವಿಜ್ಞಾನದ ಮೊದಲ ಪಾಠ ಒಂದೇ: ಒಂದು ಗ್ರಹ ತನ್ನ ಜಾಗ ಬಿಟ್ಟು ಸರಿಯುವುದನ್ನು ನಿಮ್ಮ ಕಣ್ಣಿನಿಂದಲೇ ಹಿಡಿಯುವುದು. ಉಳಿದದ್ದೆಲ್ಲ ಅದರ ಹಿಂದೆ ತಾನಾಗಿ ಬರುತ್ತದೆ.

ಮೊದಲು ಕಣ್ಣು ಕತ್ತಲಿಗೆ ಹೊಂದಲಿ

ಬೆಳಕಿನಿಂದ ಹೊರಗೆ ಬಂದ ತಕ್ಷಣ ಆಕಾಶ ನೋಡಿದರೆ ನಾಲ್ಕಾರು ಚುಕ್ಕೆ ಮಾತ್ರ ಕಾಣುತ್ತವೆ. ಕಣ್ಣು ಪೂರ್ತಿ ಹೊಂದಿಕೊಳ್ಳೋಕೆ 20ರಿಂದ 30 ನಿಮಿಷ ಬೇಕು. ಆ ಹೊತ್ತಿನಲ್ಲಿ ಒಂದೇ ಒಂದು ಸಲ ಮೊಬೈಲ್ ಪರದೆ ನೋಡಿದರೂ ಕಾದದ್ದೆಲ್ಲ ವ್ಯರ್ಥ. ಬರೆದುಕೊಳ್ಳೋಕೆ ಬೆಳಕು ಬೇಕಲ್ವಾ? ಟಾರ್ಚಿಗೆ ಕೆಂಪು ಬಣ್ಣದ ತೆಳು ಹಾಳೆಯನ್ನು ಎರಡು ಮೂರು ಪದರ ಸುತ್ತಿ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳ ಮೇಲೆ ಕೆಂಪು ಬೆಳಕಿನ ಪ್ರಭಾವ ತೀರಾ ಕಡಿಮೆ.

ಬೀದಿ ದೀಪ ಇದ್ದರೆ, ಅದು ನೇರವಾಗಿ ಕಣ್ಣಿಗೆ ಬೀಳದ ಹಾಗೆ ಗೋಡೆ ಮರೆಗೆ ನಿಲ್ಲಿ. ಊರಿನ ಬೆಳಕಿನಲ್ಲಿ ಸಣ್ಣ ನಕ್ಷತ್ರಗಳು ಮುಳುಗಿಹೋಗುತ್ತವೆ, ನಿಜ. ಆದರೆ ಬುಧ, ಶುಕ್ರ, ಮಂಗಳ, ಗುರು, ಶನಿ ಈ ಐದಕ್ಕೂ ಊರ ಬೆಳಕನ್ನು ಮೀರುವಷ್ಟು ಹೊಳಪಿದೆ. ಹೊಸಬರಿಗೆ ಚುಕ್ಕೆಗಳು ಕಡಿಮೆ ಇದ್ದಷ್ಟೂ ಗುರುತು ಹಿಡಿಯೋದು ಸುಲಭ ಕೂಡ.

ಕೈಯಿಂದಲೇ ಅಳೆಯಿರಿ

ಆಕಾಶದಲ್ಲಿ ದೂರವನ್ನು ಡಿಗ್ರಿಯಲ್ಲಿ ಹೇಳುತ್ತಾರೆ. ದಿಗಂತದಿಂದ ನೆತ್ತಿಯವರೆಗೆ 90 ಡಿಗ್ರಿ. ತೋಳನ್ನು ಪೂರ್ತಿ ಮುಂದೆ ಚಾಚಿ, ಒಂದು ಕಣ್ಣು ಮುಚ್ಚಿ ನೋಡಿ. ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ. ನಡುವಿನ ಮೂರು ಬೆರಳು ಸೇರಿಸಿದರೆ 5 ಡಿಗ್ರಿ. ಬಿಗಿಹಿಡಿದ ಮುಷ್ಟಿ 10 ಡಿಗ್ರಿ. ಮಕ್ಕಳ ಕೈ ಸಣ್ಣದು, ತೋಳೂ ಗಿಡ್ಡ, ಹಾಗಾಗಿ ಅವರಿಗೂ ಲೆಕ್ಕ ಹೆಚ್ಚುಕಡಿಮೆ ಸರಿಬರುತ್ತದೆ. ಹುಣ್ಣಿಮೆ ಚಂದ್ರನ ಅಗಲ ಎಷ್ಟಿರಬಹುದು ಅಂತ ಮೊದಲು ಊಹಿಸಿ, ಆಮೇಲೆ ಬೆರಳು ಹಿಡಿದು ನೋಡಿ. ಬರೀ ಅರ್ಧ ಡಿಗ್ರಿ! ಕಿರುಬೆರಳು ಚಂದ್ರನನ್ನು ಪೂರ್ತಿ ಮುಚ್ಚಿಬಿಡುತ್ತದೆ.

ಭೂಮಿ ತನ್ನ ಸುತ್ತ ತಿರುಗುವುದರಿಂದ ಆಕಾಶ ಗಂಟೆಗೆ 15 ಡಿಗ್ರಿ ಪಶ್ಚಿಮಕ್ಕೆ ಸರಿದಂತೆ ಕಾಣುತ್ತದೆ. ಪೂರ್ವದಲ್ಲಿ ಹುಟ್ಟುತ್ತಿರುವ ನಕ್ಷತ್ರವೊಂದನ್ನು ಕಂಬಕ್ಕೋ ಮಾಡಿನ ಅಂಚಿಗೋ ಸೇರಿಸಿ ಗುರುತಿಟ್ಟುಕೊಳ್ಳಿ. 40 ನಿಮಿಷ ಬಿಟ್ಟು ಅದೇ ಜಾಗದಲ್ಲಿ ನಿಂತು ನೋಡಿದರೆ ಸುಮಾರು ಒಂದು ಮುಷ್ಟಿಯಷ್ಟು ಜರುಗಿರುತ್ತದೆ. ಧ್ರುವ ನಕ್ಷತ್ರ ಮಾತ್ರ ಅಲ್ಲೇ ಇರುತ್ತದೆ. ಉತ್ತರ ಗೋಳಾರ್ಧದಲ್ಲಿ ಅದು ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ನೀವು ನಿಂತ ಜಾಗದ ಅಕ್ಷಾಂಶವೂ ಹೆಚ್ಚುಕಡಿಮೆ ಅಷ್ಟೇ. ಭೂಪಟ ತೆಗೆದು ತಾಳೆ ನೋಡಿ.

ಇನ್ನೊಂದು ಚಲನೆ ನಿಧಾನದ್ದು. ಪ್ರತಿ ನಕ್ಷತ್ರವೂ ದಿನಕ್ಕೆ ಸುಮಾರು 4 ನಿಮಿಷ ಮುಂಚೆ ಹುಟ್ಟುತ್ತದೆ. ತಿಂಗಳಿಗೆ ಎರಡು ಗಂಟೆ ಆಯಿತು. ಭೂಮಿ ಸೂರ್ಯನ ಸುತ್ತ ಮುಂದೆ ಸಾಗುತ್ತಿರುವುದೇ ಇದಕ್ಕೆ ಕಾರಣ. ಜನವರಿಯ ಸಂಜೆ ಕಂಡ ನಕ್ಷತ್ರಗಳು ಜೂನ್ ಸಂಜೆ ಕಾಣದಿರುವುದು ಹೀಗೆ.

ಒಂದು ನಕ್ಷತ್ರಪುಂಜವನ್ನು ಗಟ್ಟಿ ಮಾಡಿಕೊಳ್ಳಿ

ಖಗೋಳ ವಿಜ್ಞಾನಿಗಳು ಆಕಾಶವನ್ನು 88 ಪುಂಜಗಳಾಗಿ ಹಂಚಿದ್ದಾರೆ. ಅಷ್ಟನ್ನೂ ಬಾಯಿಪಾಠ ಮಾಡುವ ಹುಚ್ಚು ಬೇಡ. ಒಂದನ್ನು ಚೆನ್ನಾಗಿ ಕಲಿಯಿರಿ. ನನ್ನ ಆಯ್ಕೆ ಮಹಾವ್ಯಾಧ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ರಾತ್ರಿ ಎಂಟು ಗಂಟೆ ಸುಮಾರಿಗೆ ನೋಡಿ. ಒಂದೇ ಸಾಲಿನಲ್ಲಿ, ಒಂದೇ ಅಂತರದಲ್ಲಿ ಮೂರು ನಕ್ಷತ್ರ ಕಾಣುತ್ತವೆ. ಅದು ವ್ಯಾಧನ ಸೊಂಟದ ಪಟ್ಟಿ. ಇಡೀ ಪಟ್ಟಿಯ ಉದ್ದ 3 ಡಿಗ್ರಿಯೂ ಇಲ್ಲ, ಎರಡು ಬೆರಳಿನಲ್ಲಿ ಮುಚ್ಚಬಹುದು. ಈ ಪಟ್ಟಿ ಆಕಾಶದ ನಡುಗೆರೆಗೆ, ಅಂದರೆ ಭೂಮಧ್ಯರೇಖೆಯ ನೇರ ಮೇಲಿನ ಗೆರೆಗೆ, ತೀರಾ ಹತ್ತಿರ ಇದೆ. ಹಾಗಾಗಿ ಜಗತ್ತಿನ ಹೆಚ್ಚುಕಡಿಮೆ ಎಲ್ಲೇ ನಿಂತರೂ ಅದು ಪೂರ್ವಕ್ಕೆ ಹುಟ್ಟಿ ಪಶ್ಚಿಮಕ್ಕೆ ಮುಳುಗುತ್ತದೆ. ದಿಕ್ಸೂಚಿ ಇಲ್ಲದಿದ್ದರೂ ದಿಕ್ಕು ತಿಳಿಯಿತು ಅಲ್ವಾ! ದಕ್ಷಿಣ ಗೋಳಾರ್ಧದವರಿಗೆ ಮಾತ್ರ ವ್ಯಾಧ ತಲೆಕೆಳಗಾಗಿ ಕಾಣುತ್ತಾನೆ.

ಪಟ್ಟಿಯಿಂದ ಉತ್ತರಕ್ಕೆ ಒಂದು ಮುಷ್ಟಿ ದೂರದಲ್ಲಿ ಕೆಂಪು ಛಾಯೆಯ ದೊಡ್ಡ ನಕ್ಷತ್ರ ಇದೆ. ಅದು ಆರ್ದ್ರಾ. ದಕ್ಷಿಣಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ ನೀಲಿಬಿಳುಪಿನ ರೈಜೆಲ್. ಎರಡನ್ನೂ ಒಂದರ ಹಿಂದೆ ಒಂದು ನೋಡಿ, ನಕ್ಷತ್ರಕ್ಕೂ ಬಣ್ಣ ಇದೆ ಅನ್ನೋದು ಆಗ ಕಣ್ಣಿಗೆ ಹತ್ತುತ್ತದೆ. ಕುಲುಮೆಯ ಕಬ್ಬಿಣ ಮೊದಲು ಕೆಂಪಗೆ ಕಾದು, ಬಿಸಿ ಏರಿದಂತೆ ಬೆಳ್ಳಗಾಗುತ್ತದಲ್ಲ, ಇಲ್ಲಿಯೂ ಅದೇ ನಿಯಮ. ಆರ್ದ್ರಾದ ಮೇಲ್ಮೈ ಸುಮಾರು 3,300 ಡಿಗ್ರಿ ಸೆಲ್ಸಿಯಸ್, ನಮ್ಮ ಸೂರ್ಯ 5,500, ರೈಜೆಲ್ 11,000ಕ್ಕೂ ಜಾಸ್ತಿ. ಬಿಸಿ ಕಡಿಮೆ ಇದ್ದರೂ ಆರ್ದ್ರಾ ಗಾತ್ರದಲ್ಲಿ ದೈತ್ಯ. ಸೂರ್ಯನ ಜಾಗದಲ್ಲಿ ಅದನ್ನು ಇಟ್ಟರೆ ಮಂಗಳನ ಕಕ್ಷೆಯೂ ಅದರೊಳಗೆ ಸೇರಿಹೋಗುತ್ತದೆ. 2019ರ ಕೊನೆಯಿಂದ 2020ರ ಫೆಬ್ರುವರಿವರೆಗೆ ಅದು ಬರಿಗಣ್ಣಿಗೇ ಗೊತ್ತಾಗುವಷ್ಟು ಮಂಕಾಗಿತ್ತು. ನಕ್ಷತ್ರವೇ ಹೊರಗೆ ಉಗುಳಿದ ವಸ್ತು ತಣ್ಣಗಾಗಿ, ದೂಳಾಗಿ, ಬೆಳಕಿಗೆ ಅಡ್ಡ ಬಂದಿತ್ತು. ಅದರ ಹೊಳಪನ್ನು ಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿ ಬರೆದಿಡುವ ರೂಢಿ ಇದ್ದವರಿಗೆ ಯಾವ ಸಲಕರಣೆಯೂ ಇಲ್ಲದೆ ಅದು ಕಂಡಿತು.

ಈಗ ಪಟ್ಟಿಯ ಮೂರು ನಕ್ಷತ್ರಗಳ ಗೆರೆಯನ್ನು ಆಗ್ನೇಯಕ್ಕೆ ಎರಡು ಮುಷ್ಟಿ ಎಳೆಯಿರಿ. ಲುಬ್ಧಕ ಸಿಗುತ್ತದೆ. ಸೂರ್ಯನನ್ನು ಬಿಟ್ಟರೆ ನಮ್ಮ ಆಕಾಶದಲ್ಲಿ ಅದಕ್ಕಿಂತ ಹೊಳೆಯುವ ನಕ್ಷತ್ರ ಇಲ್ಲ. ದೂರ 8.6 ಜ್ಯೋತಿರ್ವರ್ಷ. ಒಂದು ಜ್ಯೋತಿರ್ವರ್ಷ ಎಂದರೆ ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರ್. ಗೆರೆಯನ್ನು ಎದುರು ದಿಕ್ಕಿಗೆ ಎಳೆದರೆ ಎರಡು ಮುಷ್ಟಿಗೆ ಕಿತ್ತಳೆ ಬಣ್ಣದ ರೋಹಿಣಿ, ಇನ್ನೂ ಮುಂದೆ ಹೋದರೆ ಪುಟ್ಟ ಗೊಂಚಲಿನಂಥ ಕೃತ್ತಿಕಾ. ಗೊಂಚಲಿನಲ್ಲಿ ಎಷ್ಟು ನಕ್ಷತ್ರ ಎಣಿಸಿದಿರಿ ಅಂತ ಬರೆದಿಡಿ. ಆ ರಾತ್ರಿಯ ಆಕಾಶ ಎಷ್ಟು ಶುಭ್ರವಾಗಿತ್ತು ಅನ್ನೋದಕ್ಕೆ ಅದೇ ಲೆಕ್ಕ.

ಏಪ್ರಿಲ್, ಮೇ ತಿಂಗಳಲ್ಲಿ ಶುರು ಮಾಡುವವರು ಸಪ್ತರ್ಷಿ ಮಂಡಲ ಹಿಡಿಯಿರಿ. ಅದರ ಬಾಲದ ಬಾಗನ್ನು ಹಾಗೇ ಮುಂದುವರಿಸಿದರೆ ಸ್ವಾತಿ, ಆಮೇಲೆ ಚಿತ್ತಾ ಸಿಗುತ್ತವೆ. ಜುಲೈ, ಆಗಸ್ಟ್‌ಗೆ ವೃಶ್ಚಿಕ. ಅದರ ಎದೆಯಲ್ಲಿರುವ ಕೆಂಪು ನಕ್ಷತ್ರವೇ ಜ್ಯೇಷ್ಠಾ.

ಗ್ರಹವನ್ನು ಹುಡುಕುವ ದಾರಿ

ಗ್ರಹಗಳು ಮನಸ್ಸಿಗೆ ಬಂದ ಕಡೆ ಇರುವುದಿಲ್ಲ. ಎಲ್ಲ ಗ್ರಹಗಳೂ ಸೂರ್ಯನ ಸುತ್ತ ಹೆಚ್ಚುಕಡಿಮೆ ಒಂದೇ ಸಮತಲದಲ್ಲಿ ಸುತ್ತುತ್ತವೆ. ಹಾಗಾಗಿ ನಮಗೆ ಅವು ಸೂರ್ಯ ನಡೆಯುವ ಹಾದಿಯ ಅಕ್ಕಪಕ್ಕವೇ ಕಾಣುತ್ತವೆ. ಇದಕ್ಕೆ ಕ್ರಾಂತಿವೃತ್ತ ಎನ್ನುತ್ತಾರೆ. ರೋಹಿಣಿ, ಮಘಾ, ಚಿತ್ತಾ, ಜ್ಯೇಷ್ಠಾ ಈ ಹಾದಿಯ ಬದಿಯ ಮೈಲಿಗಲ್ಲುಗಳು. ಸಪ್ತರ್ಷಿಗಳ ನಡುವೆ ಗ್ರಹ ಕಂಡೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಈ ಹಾದಿಯಲ್ಲಿ ನಕ್ಷತ್ರಗಳ ನಕ್ಷೆಯಲ್ಲಿಲ್ಲದ ಹೊಳೆಯುವ ಚುಕ್ಕೆ ಕಂಡರೆ ಅದು ಮಿನುಗುತ್ತಿದೆಯೇ ನೋಡಿ. ನಕ್ಷತ್ರ ಎಷ್ಟು ದೂರ ಎಂದರೆ ದೊಡ್ಡ ಟೆಲಿಸ್ಕೋಪಿನಲ್ಲೂ ಬಹುತೇಕ ಬರೀ ಬಿಂದು. ಆ ಒಂದು ಬಿಂದುವಿನ ಬೆಳಕು ಗಾಳಿಯ ಬಿಸಿ ತಂಪು ಪದರಗಳಲ್ಲಿ ಅತ್ತಿತ್ತ ಬಾಗಿ ನಡುಗುತ್ತದೆ. ಗ್ರಹ ಒಂದು ಪುಟ್ಟ ಬಿಲ್ಲೆ. ಬಿಲ್ಲೆಯ ಬೇರೆ ಬೇರೆ ಜಾಗದಿಂದ ಬರುವ ಬೆಳಕಿನ ನಡುಕ ಒಂದನ್ನೊಂದು ಸರಿದೂಗಿಸುತ್ತದೆ. ಆದ್ದರಿಂದ ಗ್ರಹ ಸ್ಥಿರವಾಗಿ ಬೆಳಗುತ್ತದೆ. ದಿಗಂತದ ಹತ್ತಿರ ಗಾಳಿಯ ಪದರ ದಪ್ಪ, ಅಲ್ಲಿ ಗ್ರಹವೂ ಮಿನುಗಬಹುದು. ಎರಡು ಮುಷ್ಟಿಗಿಂತ ಮೇಲೆ ಬಂದ ಮೇಲೆ ತೀರ್ಮಾನ ಮಾಡಿ.

ಯಾವ ಗ್ರಹ ಅಂತ ಹೇಳೋದು ಹೇಗೆ? ಶುಕ್ರ ಸೂರ್ಯನಿಂದ 47 ಡಿಗ್ರಿಗಿಂತ ದೂರ ಹೋಗುವುದೇ ಇಲ್ಲ. ಸಂಜೆ ಪಶ್ಚಿಮದಲ್ಲಿ ಇಲ್ಲವೇ ಬೆಳಗಿನ ಜಾವ ಪೂರ್ವದಲ್ಲಿ ಮಾತ್ರ ಸಿಗುತ್ತದೆ. ನಡುರಾತ್ರಿ ನೆತ್ತಿಯ ಹತ್ತಿರ ಮಿನುಗದೆ ಬೆಳ್ಳಗೆ ಹೊಳೆಯುತ್ತಿದ್ದರೆ ಅದು ಗುರು. ಗುರು ಯಾವಾಗಲೂ ಲುಬ್ಧಕಕ್ಕಿಂತ ಜಾಸ್ತಿ ಹೊಳೆಯುತ್ತದೆ. ಕೆಂಪಗಿದ್ದರೆ ಮಂಗಳ. ತಿಳಿ ಹಳದಿಯಾಗಿ, ಅಷ್ಟೇನೂ ಪ್ರಖರವಾಗಿಲ್ಲದಿದ್ದರೆ ಶನಿ. ಬುಧ ಸೂರ್ಯನಿಂದ 28 ಡಿಗ್ರಿ ದಾಟುವುದಿಲ್ಲ, ಹಾಗಾಗಿ ಮುಸ್ಸಂಜೆ ಇಲ್ಲವೇ ಮುಂಜಾವಿನ ಬೆಳಕಿನಲ್ಲೇ ಹುಡುಕಬೇಕು.

ಗ್ರಹದ ನಡಿಗೆಯನ್ನು ಬರೆದಿಡಿ

ಇದು ಇಡೀ ಅಭ್ಯಾಸದ ತಿರುಳು. ಗುರುತಿಸಿದ ಗ್ರಹವನ್ನು ಹಾಳೆಯ ನಡುವೆ ಚುಕ್ಕೆಯಾಗಿ ಇಡಿ. ಸುತ್ತಲಿನ ಮೂರು ನಾಲ್ಕು ನಕ್ಷತ್ರಗಳನ್ನು ಬೆರಳಿನ ಅಳತೆ ಪ್ರಕಾರ ಜಾಗ ನೋಡಿ ಬರೆಯಿರಿ. ತಾರೀಕು, ಸಮಯ ಹಾಕಿ. ವಾರ ಬಿಟ್ಟು ಅದೇ ಹಾಳೆಯಲ್ಲಿ ಗ್ರಹದ ಹೊಸ ಜಾಗ ಗುರುತಿಸಿ. ಸ್ಟೆಲೇರಿಯಂನಂಥ ಉಚಿತ ತಂತ್ರಾಂಶಗಳು ಇವೆ, ಒಳ್ಳೆಯವೇ. ಆದರೆ ಮೊದಲು ನೀವೇ ಬರೆದು, ಆಮೇಲೆ ಅದರಲ್ಲಿ ಸರಿನೋಡಿ. ಮೊದಲೇ ಉತ್ತರ ನೋಡಿಕೊಂಡರೆ ಕಣ್ಣು ಪಳಗುವುದಿಲ್ಲ.

ಶುಕ್ರ ದಿನಕ್ಕೆ ಒಂದು ಡಿಗ್ರಿಗೂ ಜಾಸ್ತಿ ಸರಿಯಬಲ್ಲದು, ಎರಡು ಮೂರು ದಿನದಲ್ಲೇ ಗೊತ್ತಾಗುತ್ತದೆ. ಮಂಗಳ ಸರಾಸರಿ ಅರ್ಧ ಡಿಗ್ರಿ. ಗುರು ಸೂರ್ಯನನ್ನು ಸುತ್ತಲು ಸುಮಾರು 12 ವರ್ಷ ತೆಗೆದುಕೊಳ್ಳುತ್ತದೆ, ಅಂದರೆ ವರ್ಷಕ್ಕೆ ಒಂದು ರಾಶಿ. ಶನಿಗೆ ಒಂದು ಸುತ್ತಿಗೆ 29 ವರ್ಷಕ್ಕೂ ಮೇಲೆ, ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕು.

ಮಂಗಳ ಸಿಕ್ಕಿದರೆ ಅದೃಷ್ಟ. ಸುಮಾರು 26 ತಿಂಗಳಿಗೊಮ್ಮೆ ಅದು ಪೂರ್ವಕ್ಕೆ ನಡೆಯುತ್ತಾ ನಡೆಯುತ್ತಾ ನಿಂತು, ಎರಡು ತಿಂಗಳಿಗೂ ಹೆಚ್ಚು ಕಾಲ ಹಿಂದಕ್ಕೆ ಸರಿದು, ಮತ್ತೆ ಮುಂದೆ ಹೊರಡುತ್ತದೆ. ನಿಜವಾಗಿ ಅದು ಹಿಂದೆ ಬರುವುದಿಲ್ಲ. ಒಳಗಿನ ಕಕ್ಷೆಯಲ್ಲಿ ವೇಗವಾಗಿ ಓಡುವ ಭೂಮಿ ಅದನ್ನು ದಾಟಿ ಹೋಗುವಾಗ ನಮಗೆ ಹಾಗೆ ತೋರುತ್ತದೆ. ಡೆನ್ಮಾರ್ಕಿನ ಖಗೋಳ ವಿಜ್ಞಾನಿ ಟೈಕೊ ಬ್ರಾಹೆ ವರ್ಷಾನುಗಟ್ಟಲೆ ಮಂಗಳನ ಜಾಗವನ್ನು ಬರಿಗಣ್ಣಿನಿಂದಲೇ ಅಳೆದಿಟ್ಟ. 1601ರಲ್ಲಿ ತೀರಿಕೊಂಡಾಗ ಟೆಲಿಸ್ಕೋಪಿನಲ್ಲಿ ಆಕಾಶ ನೋಡುವ ಕಾಲ ಇನ್ನೂ ಬಂದಿರಲಿಲ್ಲ. ಅವನ ಅಳತೆಗಳನ್ನೇ ಇಟ್ಟುಕೊಂಡು ಯೊಹಾನೆಸ್ ಕೆಪ್ಲರ್ 1609ರಲ್ಲಿ ಗ್ರಹದ ಕಕ್ಷೆ ದೀರ್ಘವೃತ್ತ ಎಂದು ತೋರಿಸಿದ. ಪೆನ್ಸಿಲ್ ಚುಕ್ಕೆಗಳ ಬೆಲೆ ಏನು ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಅಷ್ಟು ದಿನ ಕಾಯಲು ಬೇಸರವಾದರೆ ಚಂದ್ರನನ್ನು ಹಿಡಿಯಿರಿ. ಅದು ನಕ್ಷತ್ರಗಳ ನಡುವೆ ದಿನಕ್ಕೆ 13 ಡಿಗ್ರಿ ಪೂರ್ವಕ್ಕೆ ಸರಿಯುತ್ತದೆ. ಗಂಟೆಗೆ ಹೆಚ್ಚುಕಡಿಮೆ ತನ್ನದೇ ಅಗಲದಷ್ಟು. ಪಕ್ಕದಲ್ಲಿ ರೋಹಿಣಿಯೋ ಚಿತ್ತಾವೋ ಇದ್ದ ರಾತ್ರಿ ಎರಡು ಗಂಟೆ ಅಂತರದಲ್ಲಿ ಎರಡು ಚಿತ್ರ ಬರೆದರೆ ಸಾಕು.

ಬೈನಾಕ್ಯುಲರ್ ಸಿಕ್ಕಿದಾಗ

ಮೊದಲ ಸಲಕರಣೆಯಾಗಿ ಅಗ್ಗದ ಟೆಲಿಸ್ಕೋಪಿಗಿಂತ ಬೈನಾಕ್ಯುಲರ್ ಎಷ್ಟೋ ವಾಸಿ. ಸಣ್ಣ ಟೆಲಿಸ್ಕೋಪಿನ ಕಾಲು ಅಲುಗಾಡಿ ಮಕ್ಕಳಿಗೆ ಬೇಗ ಬೇಜಾರು ಬರುತ್ತದೆ. 7×50 ಇಲ್ಲವೇ 10×50 ಎಂದು ಬರೆದಿರುವುದನ್ನು ಹುಡುಕಿ. ಮೊದಲ ಸಂಖ್ಯೆ ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಎಂದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಮೊಣಕೈಯನ್ನು ಗೋಡೆಯ ಮೇಲೆ ಊರಿ ಗುರುವಿನತ್ತ ಹಿಡಿಯಿರಿ. ಪಕ್ಕದಲ್ಲಿ ಒಂದೇ ಸಾಲಿನಲ್ಲಿ ನಾಲ್ಕರವರೆಗೆ ಪುಟ್ಟ ಚುಕ್ಕೆಗಳು ಕಾಣಬಹುದು. ಅವು ಗುರುವಿನ ಚಂದ್ರರು: ಅಯೊ, ಯುರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೊ. ಗೆಲಿಲಿಯೊ 1610ರ ಜನವರಿಯಲ್ಲಿ ಇವನ್ನು ರಾತ್ರಿ ರಾತ್ರಿ ಬರೆದುಕೊಂಡೇ ಇವು ಗುರುವನ್ನು ಸುತ್ತುತ್ತಿವೆ ಅಂತ ಕಂಡುಕೊಂಡದ್ದು. ನೀವೂ ಸತತ ಐದಾರು ರಾತ್ರಿ ಬರೆದು ನೋಡಿ. ಅಯೊ ಎರಡು ದಿನದೊಳಗೇ ಒಂದು ಸುತ್ತು ಮುಗಿಸುತ್ತದೆ. ಕ್ಯಾಲಿಸ್ಟೊಗೆ ಸುಮಾರು 17 ದಿನ ಬೇಕು. ಹಾಗಾಗಿ ಎಲ್ಲಕ್ಕಿಂತ ದೂರ ಹೋಗಿ ನಿಧಾನವಾಗಿ ವಾಪಸ್ ಬರುವ ಚುಕ್ಕೆ ಅದೇ.

ಬೈನಾಕ್ಯುಲರ್ ಆಗಲಿ, ಟೆಲಿಸ್ಕೋಪ್ ಆಗಲಿ, ಸೂರ್ಯನತ್ತ ಮಾತ್ರ ಒಂದು ಕ್ಷಣಕ್ಕೂ ತಿರುಗಿಸಬೇಡಿ. ಕಣ್ಣಿನ ಪರದೆ ಸುಟ್ಟುಹೋಗುತ್ತದೆ, ನೋವೂ ಗೊತ್ತಾಗುವುದಿಲ್ಲ. ಸಂಜೆ ಬುಧನನ್ನು ಹುಡುಕುವಾಗ ಸೂರ್ಯ ಪೂರ್ತಿ ಮುಳುಗಿದ ಮೇಲೆಯೇ ಬೈನಾಕ್ಯುಲರ್ ಎತ್ತಿಕೊಳ್ಳಿ. ಮುಂಜಾನೆಯಾದರೆ ಸೂರ್ಯ ಹುಟ್ಟುವ ಮೊದಲೇ ಕೆಳಗಿಡಿ.